ಮಂಡೆ ಬೆಚ್ಚ ಮಾಡ್ಲೇಬೇಕಾದ ವಿಷ್ಯ

ಕಳೆದ ಶನಿವಾರ ಕಟಪಾಡಿ ಹತ್ರ ಹೊನಲು ಬೆಳಕಿನ ಕಬಡ್ಡಿ ಇತ್ತು, ಅಕ್ಕನ ಮಗ ರೈಟ್ ಕಾರ್ನರ್ ಆಡ್ತಾನೆ ಅಂತ ನಾನೂ ಹೋಗಿದ್ದೆ. ಸೆಕೆಂಡ್ ಹಾಫಲ್ಲಿ ಆಂಕಲ್ ಹಿಡೀಲಿಕ್ಕೆ ಡೈವ್ ಹೊಡೆದವನ ಮಂಡೆಗೆ ರೈಡರ್‌ನ ಮೊಣಗಂಟು ಸಮಾ ತಾಗಿತು, ಸದ್ದು ನಾವು ಕೂತಲ್ಲಿಗೇ ಕೇಳ್ತು ಮಾರಾಯ್ರೆ. ಸ್ವಲ್ಪ ಹೊತ್ತು ಮಂಡೆ ಹಿಡ್ಕೊಂಡು ಕೂತ, ಯಾರೋ ಬಾಟ್ಲಿ ನೀರು ಹೊಯ್ದ್ರು, ಮತ್ತೆ ಎದ್ದು ಮ್ಯಾಟಿಗೆ ಬಂದ. ಮೈಕಲ್ಲಿ "ಜೋರಾದ ಚಪ್ಪಾಳೆ" ಅಂದ್ರು, ನಾನೂ ತಟ್ಟಿದೆ. ಮರುದಿನ ಬೆಳಿಗ್ಗೆ ನೀರುದೋಸೆ ತಿನ್ತಾ ಇವ ಕೇಳ್ತಾನೆ, "ಮಾಮ, ನಿನ್ನೆ ಗೆದ್ದದ್ದು ಯಾರು?"

ಎಚ್ಚರ ತಪ್ಪಿರ್ಲಿಲ್ಲ, ರಕ್ತ ಬಂದಿರ್ಲಿಲ್ಲ. ಆದ್ರೂ ಇದು ಕನ್ಕಷನ್ನೇ, ಅಂದ್ರೆ ಪೆಟ್ಟಿಗೆ ಒಳಗೆ ಮೆದುಳು ಅಲುಗಿದ್ದು, ಅಂತ ಡಾಕ್ಟ್ರು ಹೇಳಿದ್ಮೇಲೆ ನಂಗೆ ನಿದ್ದೆ ಬರ್ಲಿಲ್ಲ, ಮೊಬೈಲಲ್ಲಿ ಓದ್ತಾ ಕೂತೆ. ಪೆಟ್ಟು ತಿಂದು ತಿಂದು ಬಾಕ್ಸರ್‌ಗಳು ಕುಡಿದವ್ರ ಹಾಗೆ ಆಗೋದನ್ನ 1928ರಲ್ಲೇ ಬರೆದಿಟ್ಟಿದ್ದಾರೆ. ಅಮೆರಿಕನ್ ಫುಟ್ಬಾಲಿನ ಮೈಕ್ ವೆಬ್‌ಸ್ಟರ್ 2002ರಲ್ಲಿ 50ನೇ ವಯಸ್ಸಿಗೇ ತೀರ್ಕೊಂಡ, ಬೆನೆಟ್ ಒಮಾಲು ಅನ್ನುವ ಡಾಕ್ಟ್ರು ಅವನ ಮೆದುಳು ಪರೀಕ್ಷೆ ಮಾಡಿದ್ರೆ ಟೌ ಅನ್ನೋ ಪ್ರೊಟೀನ್ ಗಂಟುಗಂಟಾಗಿ ಕೂತಿತ್ತು. ಪೆಟ್ಟು ತಿಂದು ತಿಂದು ಮೆದುಳು ಸವೆಯೋ ಈ ಕಾಯಿಲೆಗೆ ಸಿಟಿಇ ಅಂತಾರೆ, ಸತ್ತ ಮೇಲೆ ಮೆದುಳು ಕೊಯ್ದು ನೋಡಿಯೇ ಖಚಿತ ಮಾಡೋದು. ಹೆಲ್ಮೆಟ್ ಹಾಕಿಯೇ ಆಡಿದವ ಅವ! ಹೆಲ್ಮೆಟ್ ಬುರುಡೆ ಕಾಯ್ತದೆ, ಒಳಗೆ ಮೆದುಳು ಅಲುಗಾಡೋದನ್ನ ನಿಲ್ಸೋದಿಲ್ಲ.

ನೆಹರೂ ಮೈದಾನದಲ್ಲಿ ಫುಟ್ಬಾಲ್ ಆಡುವ ನನ್ನ ದೋಸ್ತಿ ಒಬ್ಬ "ಅದು ಅಮೆರಿಕದವ್ರ ಕತೆ ಬಿಡಾ" ಅಂದ. ಅದೇ 2002ರಲ್ಲಿ ಇಂಗ್ಲೆಂಡಿನ ಫುಟ್ಬಾಲಿಗ ಜೆಫ್ ಆಸಲ್ 59ಕ್ಕೆ ಹೋದ, ಮಂಡೆಯಲ್ಲಿ ಚೆಂಡು ಹೊಡೆಯೋ ಹೆಡ್ಡರಿಗೇ ಹೆಸರಾದವ, ಅಲ್ಲಿ ಸಾವಿನ ಕಾರಣ ವಿಚಾರಿಸೋ ಅಧಿಕಾರಿ, ಕೊರೋನರ್, ಇದು ಕೆಲಸದಿಂದಲೇ ಬಂದ ಕಾಯಿಲೆ ಅಂತ ತೀರ್ಪು ಕೊಟ್ರು. 2019ರ ಸ್ಕಾಟ್ಲೆಂಡಿನ ಅಧ್ಯಯನದಲ್ಲಿ ಮಾಜಿ ವೃತ್ತಿಪರ ಫುಟ್ಬಾಲಿಗರು ಮೆದುಳು ಸವೆಯುವ ಕಾಯಿಲೆಗಳಿಂದ ಸಾಯೋದು ಬೇರೆಯವ್ರಿಗಿಂತ ಸುಮಾರು 3.5 ಪಟ್ಟು ಜಾಸ್ತಿ ಅಂತ ಕಂಡಿತು. ಹೆಡ್ಡರ್ ಹೊಡೆದು ಯಾರಾದ್ರೂ ಎಚ್ಚರ ತಪ್ತಾರಾ? ನಂಗೆ ಹೆದರಿಕೆ ಆದದ್ದು ಅಲ್ಲೇ, ಯಾರೂ ಲೆಕ್ಕ ಇಡದ ಸಣ್ಣ ಸಣ್ಣ ಪೆಟ್ಟು ವರ್ಷಗಟ್ಲೆ ಸೇರ್ತಾ ಹೋಗೋದು.

ಪೆಟ್ಟು ತಿಂದವ್ರಿಗೆಲ್ಲ ಬರ್ತದೆ ಅಂತಲ್ಲ. ಆದ್ರೆ ನಮ್ಮಲ್ಲಿ ಮೊಣಗಂಟಿಗೆ ನೀ ಕ್ಯಾಪ್ ಉಂಟು, ಆಂಕಲಿಗೆ ಟೇಪ್ ಉಂಟು, ಮಂಡೆಗೆ ಮಾತ್ರ ನೀರು. ಕೇಳಿದ್ರೆ "ಮಂಡೆ ಬೆಚ್ಚ ಮಾಡ್ಬೇಡಿ" ಅಂತಾರೆ.

ಮಂಡೆನೋವು ಪೂರ್ತಿ ಹೋಗ್ಲಿ, ಮೊದ್ಲು ನಿಧಾನಕ್ಕೆ ಓಡ್ಲಿಕ್ಕೆ ಶುರು ಮಾಡ್ಲಿ, ಮ್ಯಾಟು ಆಮೇಲೆ ಅಂದಿದ್ದಾರೆ ಡಾಕ್ಟ್ರು. ಈ ಭಾನುವಾರ ಕಾಪುವಲ್ಲಿ ಇವನಿಗೆ ಇನ್ನೊಂದು ಮ್ಯಾಚ್ ಉಂಟು. ಶೂ ನನ್ನ ಕಾರಿನ ಡಿಕ್ಕಿಯಲ್ಲಿಟ್ಟು ಲಾಕ್ ಮಾಡಿದ್ದೇನೆ, ಅವ ನನ್ನತ್ರ ಮಾತು ಬಿಟ್ಟು ನಾಲ್ಕು ದಿನ ಆಯ್ತು.