ಕಿತ್ತ ಮೇಲೆ ಕಂಡ ಮರಿ

ಮೈಸೂರಿನಲ್ಲಿ ಮನೆ ತೋಟ ಮಾಡಿಕೊಡುವುದು ನನ್ನ ಕೆಲಸ. ಹದಿನಾಲ್ಕು ವರ್ಷ ಆಯಿತು. ಗಿಡ ಒಣಗಿತು ಅಂತ ಫೋನ್ ಬರುವುದು ಮಾಮೂಲು. ಆದರೆ ನಾಲ್ಕು ವರ್ಷದ ಹಿಂದೆ ಸಂಕ್ರಾಂತಿಯ ಮಾರನೇ ದಿನ ಬಂದ ಫೋನ್ ಇನ್ನೂ ಕಿವಿಯಲ್ಲಿದೆ. "ನೀವು ಹಾಕಿದ ಕೆಂಪು ಗಿಡ ಕಪ್ಪಾಗ್ತಿದೆ. ಒಂದ್ಸಲ ಬಂದು ನೋಡಿ" ಅಂದರು. ಅಷ್ಟೇ. ಬೈದಿದ್ದರೇ ವಾಸಿ ಅನಿಸಿತು.

ಕೆಂಪು ಗಿಡ ಅಂದರೆ ರೆಡ್ ಪಾಮ್. ಲಿಪ್‌ಸ್ಟಿಕ್ ಪಾಮ್ ಅಂತಲೂ ಕರೆಯುತ್ತಾರೆ. ಅಡಿಕೆ ಮರದಲ್ಲಿ ಹಾಳೆ ಸುತ್ತಿಕೊಂಡಿರುವ ಜಾಗ ಇರುತ್ತದಲ್ಲ, ಆ ಭಾಗ ಇದರಲ್ಲಿ ಕುಂಕುಮ ಬಳಿದ ಹಾಗೆ ಕೆಂಪು. ಗರಿಯ ದಂಟೂ ಕೆಂಪು. ಬುಡದಲ್ಲಿ ಬಾಳೆಗೆ ಕಂದು ಬರುವ ಹಾಗೆ ಮರಿ ಬಂದು ಗುಂಪಾಗಿ ನಿಲ್ಲುತ್ತದೆ. ಮಲಯ ಭಾಷೆಯಲ್ಲಿ ಇದರ ಹೆಸರು 'ಪಿನಾಂಗ್ ರಾಜಾ'. ಪಿನಾಂಗ್ ಅಂದರೆ ಅಡಿಕೆ. ಮಲೇಷ್ಯಾ, ಸುಮಾತ್ರಾ, ಬೋರ್ನಿಯೋ ಕಡೆಯ ಜೌಗು ಕಾಡು ಇದರ ತವರು. ಅಲ್ಲಿ ರಾತ್ರಿಯೂ ಬೆವರು, ವರ್ಷವಿಡೀ ಮಳೆ.

ಮನೆ ಇದ್ದದ್ದು ಬೋಗಾದಿ ಆಚೆ, ರಿಂಗ್ ರಸ್ತೆ ದಾಟಿದ ಮೇಲೆ ಸಿಗುವ ಹೊಸ ಬಡಾವಣೆಯಲ್ಲಿ. ಸುತ್ತ ಖಾಲಿ ಸೈಟು, ಮುಂದೆ ಹೊಲ. ಯಜಮಾನರು ನಿವೃತ್ತ ಎಂಜಿನಿಯರ್. ದಸರಾ ಮುಗಿದ ವಾರ ಕರೆಸಿ, ಗೇಟಿನ ಎರಡೂ ಕಡೆ ಜೋಡಿ ಕೆಂಪು ಪಾಮ್ ಬೇಕು ಅಂದರು. ನನಗೆ ಸಣ್ಣ ಅನುಮಾನ ಇತ್ತು. "ಸಾರ್, ಇದು ಚಳಿಗೆ ಸ್ವಲ್ಪ ನಾಜೂಕು" ಅಂದೆ. ಅವರು ಫೋನ್ ತೆಗೆದು ಅಮೆರಿಕದ ಚಳಿ ವಲಯಗಳ ಪಟ್ಟಿ ತೋರಿಸಿದರು. ಅಲ್ಲಿನ ಕೃಷಿ ಇಲಾಖೆ ವರ್ಷದ ಅತಿ ಚಳಿಯ ರಾತ್ರಿಗಳ ಸರಾಸರಿ ಹಿಡಿದು ಊರುಗಳನ್ನು ವಿಂಗಡಿಸುತ್ತದೆ. ರೆಡ್ ಪಾಮ್ ಇರುವುದು 11ನೇ ವಲಯದಲ್ಲಿ. ಅಂದರೆ 4.4ರಿಂದ 10 ಡಿಗ್ರಿ. "ನಮ್ಮ ಮೈಸೂರು 10ಕ್ಕಿಂತ ಕೆಳಗೆ ಇಳಿಯೋದೇ ಅಪರೂಪ, ಇನ್ನೇನ್ರೀ ಭಯ?" ಅಂದರು. ಲೆಕ್ಕ ಸರಿಯಾಗಿಯೇ ಕಂಡಿತು. ಆರ್ಡರ್ ಬೇರೆ ದೊಡ್ಡದು. ತಲೆ ಆಡಿಸಿದೆ.

ಆಂಧ್ರದ ಕಡಿಯಂನಿಂದ ಬಂದ ಲೋಡಿನಲ್ಲಿ ಮೂರು ಗಿಡ ತೆಗೆದುಕೊಂಡೆ. ಎರಡು ನೆಟ್ಟಗಿದ್ದವು, ಗೇಟಿಗೆ ಹೋದವು. ಮೂರನೆಯದರ ಕಾಂಡ ಸೊಟ್ಟ. ವಾಪಸ್ ವ್ಯಾನಿಗೆ ಹಾಕುತ್ತಿದ್ದಾಗ ಮನೆಯ ಅಜ್ಜಿ ಹಿತ್ತಲಿಂದ ಬಂದು "ಆ ಸೊಟ್ಟದ್ದು ಇತ್ತ ಕೊಡಪ್ಪ" ಅಂದರು. ಬಚ್ಚಲ ಗೋಡೆ ಪಕ್ಕದಲ್ಲಿ, ಸ್ನಾನದ ನೀರು ಹರಿಯುವ ಕಡೆ ನೆಡಿಸಿಕೊಂಡರು. ಮೇಲೆ ಪಕ್ಕದ ಸೈಟಿನ ಹೊಂಗೆ ಮರದ ಕೊಂಬೆ ಚಾಚಿತ್ತು. ಅದಕ್ಕೆ ನಾನು ಬಿಲ್ ಹಾಕಲಿಲ್ಲ. ಪಾತಿ ಕೂಡ ಸರಿಯಾಗಿ ಮಾಡಲಿಲ್ಲ, ನಿಜ ಹೇಳಬೇಕಂದರೆ.

ಡಿಸೆಂಬರ್ ಕೊನೆಗೆ ಗೇಟಿನ ಗಿಡಗಳ ಗರಿ ತುದಿ ಹಳದಿಯಾಯಿತು. ಹಳದಿ ಅಂದರೆ ಹಸಿವು ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಎರಡಕ್ಕೂ ಯೂರಿಯಾ ಹಾಕಿಸಿದೆ. ದಿನಾ ಸಂಜೆ ಬುಡ ತುಂಬ ನೀರು ಬಿಡಿ ಅಂತ ವಾಚ್‌ಮನ್‌ಗೆ ಹೇಳಿದೆ. ಇದಕ್ಕಿಂತ ಕೆಟ್ಟ ಔಷಧಿ ಹುಡುಕಿದರೂ ಸಿಗುತ್ತಿರಲಿಲ್ಲ. ಚಳಿಗೆ ಬೇರು ಮಂಕಾಗಿರುತ್ತದೆ, ಗೊಬ್ಬರ ಎಳೆದುಕೊಳ್ಳುವುದಿಲ್ಲ. ಗಿಡದ ಜೊತೆ ಬಂದ ಮಣ್ಣು ಜಿಗುಟು ಜೇಡಿ, ಅದರ ಸುತ್ತ ನಮ್ಮ ಕೆಂಪು ಮಣ್ಣು. ಸಂಜೆ ಬಿಟ್ಟ ನೀರು ಆ ಜೇಡಿ ಉಂಡೆಯಲ್ಲೇ ನಿಂತು ರಾತ್ರಿಯೆಲ್ಲ ತಣ್ಣಗೆ ಕೂರುತ್ತಿತ್ತು. ನೆಟ್ಟು ಎರಡೂವರೆ ತಿಂಗಳಾದರೂ ಒಂದು ಬೇರೂ ಆ ಉಂಡೆ ದಾಟಿ ಆಚೆ ಹೋಗಿರಲಿಲ್ಲ.

ಸಂಕ್ರಾಂತಿ ಮಾರನೇ ದಿನ ಹೋಗಿ ಬಲಗಡೆಯ ಗಿಡದ ಸುಳಿ ಹಿಡಿದು ಮೆಲ್ಲಗೆ ಎಳೆದೆ. ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಕೈಗೆ ಬಂತು. ಬುಡ ಕಂದು ಬಣ್ಣ, ಲೋಳೆ, ಕೆಟ್ಟ ವಾಸನೆ. ಅಡಿಕೆಗೋ ತೆಂಗಿಗೋ ಸುಳಿ ಹೋದರೆ ಮುಗಿಯಿತು, ಒಂದು ಮರಕ್ಕೆ ಒಂದೇ ಸುಳಿ. ಇದೂ ಮುಗಿಯಿತು ಅಂದುಕೊಂಡೆ. ಯಜಮಾನರ ಎದುರು ಅದನ್ನು ಹಾಗೇ ನಿಲ್ಲಿಸಲು ನಾಚಿಕೆ ಬೇರೆ. ಆಗಲೇ ಹಾರೆ ತರಿಸಿ ಕಿತ್ತೆ.

ವ್ಯಾನಿಗೆ ಹಾಕುವ ಮೊದಲು ಸುಮ್ನೆ ಬುಡವನ್ನು ಮಚ್ಚಿನಿಂದ ಸೀಳಿದೆ. ನಡುವಿನ ಕಾಂಡ ಕೊಳೆತಿತ್ತು. ಆದರೆ ಪಕ್ಕದಲ್ಲಿ, ಮಣ್ಣಿನ ಕೆಳಗೆ, ಕಿರುಬೆರಳಿನಷ್ಟು ಉದ್ದದ ಒಂದು ಮರಿ. ಉಗುರು ಒತ್ತಿದರೆ ಒಳಗೆ ಬೆಳ್ಳಗೆ, ಎಳೆ ತೆಂಗಿನ ಸುಳಿಯ ಹಾಗೆ ಗಟ್ಟಿ. ಜೀವ ಇತ್ತು. ಗುಂಪಾಗಿ ಬೆಳೆಯುವ ಪಾಮ್ ಅಂತ ಎಲ್ಲರಿಗೂ ಪಾಠ ಹೇಳುವ ನಾನು, ಪ್ರತಿ ಮರಿಗೂ ಅದರದೇ ಸುಳಿ ಇರುತ್ತದೆ ಅನ್ನುವುದನ್ನು ಆ ಹೊತ್ತಿಗೆ ಮರೆತಿದ್ದೆ. ಕೀಳುವಾಗ ಅದರ ಬೇರು ಹರಿದಿತ್ತು. ಕುಂಡದಲ್ಲಿ ಇಟ್ಟು ನೋಡಿದೆ, ಬದುಕಲಿಲ್ಲ.

ಅಷ್ಟರಲ್ಲಿ ಅಜ್ಜಿ ಕರೆದು ಹಿತ್ತಲ ಗಿಡ ತೋರಿಸಿದರು. ಹೊಸ ಸುಳಿ ಒಂದು ಗೇಣು ಮೇಲೆ ಬಂದಿತ್ತು! ಅದೇ ಲೋಡು, ಅದೇ ಮಣ್ಣು, ಅದೇ ಚಳಿ. ಚಳಿ ಅದೇನಾ ಅನ್ನುವುದೇ ಆಮೇಲಿನ ಪ್ರಶ್ನೆ.

ಗರಿಷ್ಠ ಕನಿಷ್ಠ ತೋರಿಸುವ ಥರ್ಮಾಮೀಟರ್ ಒಂದು ತಂದೆ. ಯು ಆಕಾರದ ಗಾಜಿನ ಕೊಳವೆ, ಒಳಗೆ ಎರಡು ಸಣ್ಣ ಕಬ್ಬಿಣದ ಕಡ್ಡಿ. ರಾತ್ರಿ ಎಷ್ಟು ಇಳಿದಿತ್ತು ಅನ್ನುವಲ್ಲಿ ಕಡ್ಡಿ ನಿಂತಿರುತ್ತದೆ. ಬೆಳಿಗ್ಗೆ ನೋಡಿ, ಅಯಸ್ಕಾಂತದಿಂದ ಕೆಳಗೆ ಎಳೆದರೆ ಮತ್ತೆ ತಯಾರು. ಮೊದಲು ಗೇಟಿನ ಹತ್ತಿರ ಕಟ್ಟಿದೆ, 9.5 ಡಿಗ್ರಿ. ಮಾರನೇ ರಾತ್ರಿ ಬಚ್ಚಲ ಗೋಡೆ ಹತ್ತಿರ, 14. ಎರಡು ರಾತ್ರಿ ಒಂದೇ ಥರ ಇರುವುದಿಲ್ಲ ಅಲ್ವಾ? ಅದಕ್ಕೆ ಇನ್ನೊಂದು ಕೊಂಡು ಎರಡೂ ಕಡೆ ಒಟ್ಟಿಗೆ ಕಟ್ಟಿದೆ. ಆಗಲೂ ನಾಲ್ಕು ಡಿಗ್ರಿ ವ್ಯತ್ಯಾಸ.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಮೋಡವಿಲ್ಲದ ರಾತ್ರಿ ನೆಲದ ಬಿಸಿ ನೇರ ಆಕಾಶಕ್ಕೆ ಹೋಗಿಬಿಡುತ್ತದೆ. ತಣ್ಣಗಾದ ಗಾಳಿ ಭಾರ, ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ. ಆ ಸೈಟಿನಲ್ಲಿ ಗೇಟೇ ತಗ್ಗು, ಕಾಂಪೌಂಡ್ ಗೋಡೆ ಒಡ್ಡಿನ ಹಾಗೆ ಗಾಳಿಯನ್ನು ಅಲ್ಲೇ ನಿಲ್ಲಿಸುತ್ತಿತ್ತು. ಹಿತ್ತಲಲ್ಲಿ ಹೊಂಗೆ ಮರ ಮೇಲೆ ಚಪ್ಪರ. ಪಶ್ಚಿಮದ ಗೋಡೆ ಮಧ್ಯಾಹ್ನದ ಬಿಸಿಲು ಕುಡಿದು ರಾತ್ರಿ ಬಿಡುತ್ತಿತ್ತು. ಜೊತೆಗೆ ಅಜ್ಜಿ ಹಟ ಹಿಡಿದು ಹಾಕಿಸಿಕೊಂಡ ಹಂಡೆ ಒಲೆ ಆ ಗೋಡೆಯ ಆಚೆ ಬದಿಗೇ ಇತ್ತು. ಹರಿಯುವ ನೀರೂ ಉಗುರು ಬೆಚ್ಚಗೆ.

ಇನ್ನು ಆ ಅಮೆರಿಕದ ಪಟ್ಟಿ. ಪಟ್ಟಿ ಸುಳ್ಳಲ್ಲ. ಆದರೆ ಅದು ಹೇಳುವುದು ವರ್ಷದ ಒಂದು ಕೆಟ್ಟ ರಾತ್ರಿಯ ವಿಷಯ. ಫ್ಲೋರಿಡಾದಲ್ಲಿ ಚಳಿ ಬಂದರೆ ಎರಡು ಮೂರು ದಿನ ಹೊಡೆದು ಹೋಗುತ್ತದೆ. ನಮ್ಮದು ಹಾಗಲ್ಲ. ಧನುರ್ಮಾಸ ಶುರುವಾದರೆ ವಾರಗಟ್ಟಲೆ ರಾತ್ರಿ ತಂಪು, ಹಗಲು ಸುಡುವ ಬಿಸಿಲು, ಗಾಳಿ ಒಣ. ಜೌಗಿನ ಗಿಡಕ್ಕೆ ಈ ಮೂರೂ ಸೇರಿದರೆ ತಡೆಯುವುದಿಲ್ಲ. ಅಪರೂಪದ ರಾತ್ರಿಯೂ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. 2012ರ ಜನವರಿಯಲ್ಲಿ ಮೈಸೂರಿನಲ್ಲೇ 7.7 ಡಿಗ್ರಿ ದಾಖಲಾಗಿತ್ತು.

ಎಡಗಡೆಯ ಗಿಡವನ್ನು ಕೀಳಲಿಲ್ಲ. ನೀರು ನಿಲ್ಲಿಸಿ, ನಾಲ್ಕು ದಿನಕ್ಕೊಮ್ಮೆ ಬೆಳಿಗ್ಗೆ ಹೊತ್ತು ಮಾತ್ರ ಅಂದೆ. ಸುಳಿಗೆ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ಕೊಳೆರೋಗದ ಔಷಧಿ ಒಂದು ಸಲ ಬಿಟ್ಟೆ. ಬುಡಕ್ಕೆ ಮಂಡ್ಯದಿಂದ ತಂದ ಕಬ್ಬಿನ ತರಗು ಹರಡಿ, ಮೂರು ಗೂಟ ನೆಟ್ಟು ರಾತ್ರಿ ಗೋಣಿಚೀಲ ಹೊದಿಸಿದೆವು. ಸುಟ್ಟ ಗರಿ ಕತ್ತರಿಸಿ ಅಂತ ಯಜಮಾನರು ಎರಡು ಸಲ ಕೇಳಿದರು. "ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗಲಿ ಸಾರ್, ಆಮೇಲೆ" ಅಂದೆ. ಅರ್ಧ ಸುಟ್ಟ ಗರಿಯಲ್ಲೂ ಅರ್ಧ ಹಸಿರು ಇರುತ್ತದೆ, ಗಿಡ ಅದರಿಂದಲೇ ಊಟ ಮಾಡಬೇಕು. ಯುಗಾದಿ ಕಳೆದು ಒಂದು ಮಳೆ ಬಿದ್ದ ಮೇಲೆ ಬುಡದಲ್ಲಿ ಕೆಂಪು ಮೂತಿ ಕಂಡಿತು. ಹಳೆಯ ಕಾಂಡ ಸತ್ತಿತ್ತು.

ಈಗ ರೆಡ್ ಪಾಮ್ ಕೇಳಿದವರ ಮನೆಗೆ ಮೊದಲು ಎರಡು ಥರ್ಮಾಮೀಟರ್ ಹೋಗುತ್ತವೆ. ದಸರಾ ಆದಮೇಲೆ ನೆಡುವುದಿಲ್ಲ, ಜೂನಿನಲ್ಲೇ. ಚಳಿಗಿಂತ ಎರಡು ತಿಂಗಳು ಮುಂಚೆ ಸ್ವಲ್ಪ ಪೊಟ್ಯಾಷ್, ಆಮೇಲೆ ಯೂರಿಯಾ ಬಂದ್. ಬಯಲು ಜಾಗವಾದರೆ ಅರೆಕಾ ಪಾಮ್ ಹಾಕಿ ಅನ್ನುತ್ತೇನೆ. ಅದೂ ಗುಂಪಾಗಿಯೇ ಬೆಳೆಯುತ್ತದೆ. ಮಡಗಾಸ್ಕರ್‌ನದು, ಮೈಸೂರಿನ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ಅದರ ಹಳೆಯ ಗರಿಯಲ್ಲಿ ಹಳದಿ ಚುಕ್ಕೆ ಬಂದರೆ ಜನ ಚಳಿ ಅನ್ನುತ್ತಾರೆ. ಜಾಸ್ತಿ ಸಲ ಅದು ಪೊಟ್ಯಾಷ್ ಕೊರತೆ. ನೆರಳಿನ ಮೂಲೆಗೆ ರೇಪಿಸ್ ಪಾಮ್. ಅದು ಸೊನ್ನೆಗಿಂತ ಕೆಳಗಿನ ಚಳಿಯನ್ನೂ ತಡೆಯುತ್ತದೆ, ನಮ್ಮ ನೆತ್ತಿಯ ಬಿಸಿಲನ್ನು ಮಾತ್ರ ತಡೆಯುವುದಿಲ್ಲ.

ಆ ಮನೆಯ ಗೇಟಿನ ಬಲಗಡೆ ಈಗ ಆಳೆತ್ತರದ ಅರೆಕಾ ಇದೆ. ಎಡಗಡೆ ಮೊಣಕಾಲೆತ್ತರದ ಕೆಂಪು ಪಾಮ್, ಚಳಿಗಾಲಕ್ಕೆ ಗೋಣಿಚೀಲ ಹೊದ್ದು ನಿಲ್ಲುತ್ತದೆ. ಜೋಡಿ ಅಂತೂ ಆಗಲಿಲ್ಲ. ಹಿತ್ತಲ ಸೊಟ್ಟ ಗಿಡಕ್ಕೆ ನಾಲ್ಕು ಮರಿ. ಎರಡನ್ನು ಬಿಡಿಸಿ ಮುಂದೆ ನೆಡೋಣವೇ ಅಂತ ಹೋದ ತಿಂಗಳು ಯಜಮಾನರು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಒಳಗಿಂದ ಅಜ್ಜಿ "ಅದರ ತಂಟೆಗೆ ಬರಬೇಡಿ" ಅಂದರು.