ಡಿಸ್ಕ್ 0 ಅಂದ್ರ ಹೊಸಾದ ಇರ್ತೈತಿ ಅಂತ ತಿಳಕೊಂಡಿದ್ದೆ

ಬ್ಯಾಡಗಿಯಿಂದ ಕಾಲ್ ಬಂತಂದ್ರ ನಮ್ಮ ಕಂಪ್ಯೂಟರ್ ಸರ್ವಿಸ್ ಆಫೀಸಿನ್ಯಾಗ ಎಲ್ಲಾರೂ ತಲಿ ಕೆಳಗ ಹಾಕ್ತಾರ. ಹುಬ್ಬಳ್ಳಿಯಿಂದ ಬಸ್ ಹತ್ತಿ ಮೋಟೆಬೆನ್ನೂರಾಗ ಇಳದು ಮತ್ತ ಆಟೋ, ಮಾರ್ಕೆಟ್ ಒಳಗ ಕಾಲಿಟ್ರ ಮೆಣಸಿನಕಾಯಿ ಘಾಟಿಗೆ ಸೀನು ಸುರು, ಸೀಸನ್ನಿನ್ಯಾಗ ಕೀಬೋರ್ಡ್ ಡಬ್ಬ ಹಾಕಿ ಬಡದ್ರ ಕೆಂಪು ಪುಡಿ ಉದರ್ತೈತಿ. ಆವತ್ತ ನನ್ನ ಪಾಳಿ ಬಂದಿತ್ತು. ಒಬ್ರು ದಲಾಲರ ಅಂಗಡಿ. 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10 ಸಪೋರ್ಟ್ ಮುಗೀತಲ್ಲ, ಎಲ್ಲಾರ ಹಂಗ ಅವರೂ ಹಳೇ ಸಿಪಿಯು ಬಿಟ್ಟು ಹೊಸಾದು ತಗೊಂಡಿದ್ರು. ವಿಂಡೋಸ್ 11 ಫ್ರೆಶ್ ಹಾಕೋದು, ಹಳೇ 500 ಜಿಬಿ ಹಾರ್ಡ್‌ಡಿಸ್ಕ್ ಅದರಾಗ ಕೂಡ್ಸೋದು, ಲೆಕ್ಕ ಬರಿಯೋ ಟ್ಯಾಲಿ ಸಾಫ್ಟ್‌ವೇರ್ ತಗದು ತೋರ್ಸೋದು, ಶೀಟಿಗೆ ಸಹಿ ಹಾಕಿಸ್ಕೊಂಡು ಬರೋದು. ಇಷ್ಟ ಕೆಲಸ.

"ಬ್ಯಾಕಪ್ ಐತೇನ್ರೀ?" ಅಂತ ಕೇಳಿದೆ. ಗುಮಾಸ್ತರು, ವಯಸ್ಸಾದವರು, "ಐತೋ ತಮ್ಮಾ, ಡಿ ಡ್ರೈವಿಂದೆಲ್ಲಾ ದಿನಾ ಸಂಜಿಕ ಇ ಡ್ರೈವಿಗೆ ಕಾಪಿ ಹೊಡಿತೀನಿ" ಅಂದ್ರು. ಅವೆರಡೂ ಒಂದ ಡಿಸ್ಕಿನ ತುಂಡ್ರೀ, ಡಿಸ್ಕ್ ಹೋದ್ರ ಎರಡೂ ಹೋಗ್ತಾವ ಅಂತ ಹೇಳಬೇಕಿತ್ತು. ಹೇಳ್ಲಿಲ್ಲ. ಮಧ್ಯಾಹ್ನ ರಾಣೆಬೆನ್ನೂರಾಗ ಇನ್ನೊಂದು ಕಾಲ್ ಇತ್ತು, ನಮ್ಮ ಮ್ಯಾನೇಜರ್ ಆಗ್ಲೇ ಎರಡ್ಸಲೆ ಫೋನ್ ಹಚ್ಚಿದ್ದ.

ಮೊದಲನೇ ತಪ್ಪು ಇನ್ನೂ ಪೆನ್‌ಡ್ರೈವ್ ಹಚ್ಚೂಕಿಂತ ಮೊದಲ ಆತು. ಕ್ಯಾಬಿನೆಟ್ ಎರಡ್ಸಲೆ ಯಾಕ ಬಿಚ್ಚೋದು ಅಂತ ಹಳೇ ಹಾರ್ಡ್‌ಡಿಸ್ಕನ್ನ ಮೊದ್ಲ ಒಳಗ ಕೂಡ್ಸಿ ಆಮ್ಯಾಲೆ ಸೆಟಪ್ ಚಾಲೂ ಮಾಡಿದೆ. ನಾಕು ಸ್ಕ್ರೂ ಉಳಿಸಾಕ ಹೋಗಿದ್ದೆ ನೋಡ್ರಿ.

ಪಾರ್ಟಿಷನ್ ಅಂದ್ರ ಡಿಸ್ಕಿನ ತುಂಡು, ಅವುಗಳ ಲಿಸ್ಟ್ ಬಂತು, ಎಂಟು ಸಾಲು. ಹೊಸಾ ಎಸ್‌ಎಸ್‌ಡಿ (ಹೊಸಾ ಮಷಿನಿನ್ಯಾಗ ಹಾರ್ಡ್‌ಡಿಸ್ಕಿನ ಬದಲಿ ಇರೋ ಡಿಸ್ಕ್) ಖಾಲಿ ಇದ್ದಿದ್ರ ಗೊತ್ತಾಕ್ಕಿತ್ತು, ಆದ್ರ ನಮ್ಮ ಬೆಂಚಿನ ಹುಡುಗ ಟೆಸ್ಟಿಂಗ್ ಅಂತ ಅದರಾಗ ಒಂದು ವಿಂಡೋಸ್ ಹಾಕಿ ಕಳಿಸಿದ್ದ, ಹಂಗಾಗಿ ಅದರಾಗೂ ನಾಕು ಪಾರ್ಟಿಷನ್, ಹಳೇದರಾಗೂ ನಾಕು, ಎರಡೂ ಸುರು ಆಗೋದು 100 ಎಂಬಿ ತುಂಡಿಂದ. ಸೆಟಪ್ ಒಳಗ ಸಿ, ಡಿ, ಇ ಅಂತ ಅಕ್ಷರ ತೋರ್ಸಂಗಿಲ್ಲ, ಡಿಸ್ಕ್ 0 ಪಾರ್ಟಿಷನ್ 2 ಅಂತಷ್ಟ ಇರ್ತೈತಿ. ಡ್ರೈವಿಗೆ ಹೆಸರಾರ ಇಟ್ಟಿದ್ರ ಕಾಣ್ತಿತ್ತು, ಆದ್ರ ನಮ್ಮ ಮಂದಿ ಎಲ್ಲಾದಕ್ಕೂ ನ್ಯೂ ವಾಲ್ಯೂಮ್ ಅಂತ ಬಿಡೋರ. ಬೋರ್ಡಿನ ಮ್ಯಾಲ ಕುಂತ ಎನ್‌ವಿಎಂಇ (ಆ ಎಸ್‌ಎಸ್‌ಡಿನ) ಮೊದಲನೇದು, ವೈರಿಂದು (ಹಳೇ ಹಾರ್ಡ್‌ಡಿಸ್ಕ್) ಎರಡನೇದು ಅಂತ ನನ್ನ ಲೆಕ್ಕ. ಡಿಸ್ಕ್ 0 ಮ್ಯಾಲ ದೊಡ್ಡ ಪಾರ್ಟಿಷನ್ ಆರಿಸಿದೆ.

ಎರರ್ ಬಂತು. ಈ ಡಿಸ್ಕಿನ್ಯಾಗ ಎಂಬಿಆರ್ ಪಾರ್ಟಿಷನ್ ಟೇಬಲ್ ಐತಿ, ಇಎಫ್‌ಐ ಮಷಿನ್ ಇದ್ರ ಜಿಪಿಟಿ ಡಿಸ್ಕಿಗಷ್ಟ ವಿಂಡೋಸ್ ಹಾಕಾಕ ಬರ್ತೈತಿ ಅಂತ. ಎಂಬಿಆರ್, ಜಿಪಿಟಿ ಅಂದ್ರ ಡಿಸ್ಕಿನ್ಯಾಗ ಯಾವ ತುಂಡು ಎಲ್ಲೈತಿ ಅಂತ ಬರದಿಡೋ ಎರಡು ಪದ್ಧತಿ, ಮೊದಲನೇದು ಹಳೇದು, ಎರಡನೇದು ಹೊಸಾದು; ಇಎಫ್‌ಐ, ಯುಇಎಫ್‌ಐ ಅಂದ್ರ ಹೊಸಾ ಮಷಿನ್ ಚಾಲೂ ಆಗೋ ರೀತಿ.

ಇವತ್ತಿಗೂ ಹೊಟ್ಯಾಗ ಚುಚ್ಚೋದು ಈ ಜಾಗಾ. ಆ ಎರರ್ ನಂಗ ಬಾಯಿ ಬಿಟ್ಟು ಹೇಳಾಕತ್ತಿತ್ತು, ಇದು ಹಳೇ ಡಿಸ್ಕೋ ಮಾರಾಯ ಅಂತ. ವಾರದ ಹಿಂದ ನಮ್ಮ ಹುಡುಗ ಯುಇಎಫ್‌ಐ ಮೋಡಿನ್ಯಾಗ ವಿಂಡೋಸ್ ಹಾಕಿದ ಎಸ್‌ಎಸ್‌ಡಿ ಎಂಬಿಆರ್ ಹೆಂಗ ಇರ್ತೈತಿ? ಎಂಬಿಆರ್ ಇರೋದು ವಿಂಡೋಸ್ 7 ಕಾಲದ ಆ ಹಾರ್ಡ್‌ಡಿಸ್ಕ್. ನಾ ಅಷ್ಟು ಯೋಚ್ನಿ ಮಾಡ್ಲಿಲ್ಲ. ದಿನಾ ನೋಡೋ ಎರರ್, ಕೈ ತಾನ ಓಡ್ತು: ಶಿಫ್ಟ್ ಎಫ್ 10 ಒತ್ತಿ ಕಮಾಂಡ್ ಪರದೆ, ಅದರಾಗ ಡಿಸ್ಕಿನ ತುಂಡು ಮಾಡೋ, ಅಳಿಸೋ ಡಿಸ್ಕ್‌ಪಾರ್ಟ್, ಲಿಸ್ಟ್ ಡಿಸ್ಕ್. ಒಂದು 465 ಜಿಬಿ, ಇನ್ನೊಂದು 476 ಜಿಬಿ. ನೋಡಿದೆ, ಓದ್ಲಿಲ್ಲ. ಸೆಲೆಕ್ಟ್ ಡಿಸ್ಕ್ 0. ಕ್ಲೀನ್. ಅದಕ್ಕ ಖರೇನ ಮಾಡ್ಲ್ಯಾ ಅಂತ ಕೇಳೋ ರೂಢಿ ಇಲ್ಲ, ಎಂಟರ್ ಹೊಡದ್ರ ಮುಗೀತು.

ರಿಫ್ರೆಶ್ ಕೊಟ್ಟೆ. ಡಿಸ್ಕ್ 0, ಅನ್‌ಅಲೊಕೇಟೆಡ್, 465 ಚಿಲ್ಲರ. ಪೂರಾ ಖಾಲಿ, ಅದೂ ಹಳೇ ಡಿಸ್ಕ್. 500 ಜಿಬಿ ಅಂತ ಮಾರೋದು 465 ಕಾಣ್ತೈತಿ, 512 ಇದ್ದದ್ದು 476 ಕಾಣ್ತೈತಿ, ಇದನ್ನ ನಾನ ಎಷ್ಟು ಕಸ್ಟಮರಿಗೆ ತಿಳಿಸಿ ಹೇಳೇನೋ. ಕುರ್ಚಿ ಮ್ಯಾಲ ಕುಂತಲ್ಲೇ ಬೆನ್ನು ತಣ್ಣಗಾತು. ಸಾಹುಕಾರ್ರು ಗಾದಿ ಮ್ಯಾಲ ಕುಂತು ಫೋನಿನ್ಯಾಗ ರೇಟ್ ಮಾತಾಡಾಕತ್ತಿದ್ರು. ಗುಮಾಸ್ತರು ಚಾ ತಂದಿಟ್ಟು "ಆತೇನೋ ತಮ್ಮಾ?" ಅಂದ್ರು. "ಅಪ್‌ಡೇಟ್ ನಡದೈತ್ರೀ, ಸ್ವಲ್ಪ ಟೈಮ್ ತಗೋತೈತಿ" ಅಂದೆ. ಅಂದದ್ದ ತಪ್ಪು, ಆದ್ರ ಬಾಯಿಗೆ ಅದ ಬಂತು.

ಮಾಡಿದ ಒಂದ ಶಾಣ್ಯಾ ಕೆಲಸ ಅಂದ್ರ ಅಲ್ಲಿಗೆ ನಿಲ್ಲಿಸಿದ್ದು. ಬರೇ ಕ್ಲೀನ್ ಅಂದ್ರ ಪಾರ್ಟಿಷನ್ ಟೇಬಲ್ ಅಳಸ್ತೈತಿ, ಡೇಟಾ ಇದ್ದಲ್ಲೇ ಇರ್ತೈತಿ. ಕ್ಲೀನ್ ಆಲ್ ಕೊಟ್ಟಿದ್ರ ಪೂರಾ ಸೊನ್ನಿ ಬರಕೊಂತ ಹೋಗ್ತಿತ್ತು, ನೆಕ್ಸ್ಟ್ ಒತ್ತಿದ್ರ ಹಳೇ ಡೇಟಾದ ಮ್ಯಾಲ ಹೊಸಾ ವಿಂಡೋಸ್ ಕುಂದರ್ತಿತ್ತು. ಮಷಿನ್ ಬಂದ್ ಮಾಡಿ ಡಿಸ್ಕ್ ತಗದು (ಸ್ಕ್ರೂ ಎರಡನೇ ಸಲ ಬಿಚ್ಚಿದ್ದಾತಲ್ಲ) ಕನ್ವರ್ಟರ್ ಹಾಕಿ ನನ್ನ ಲ್ಯಾಪ್‌ಟಾಪಿಗೆ ಹಚ್ಚಿದೆ. ಇಂಥಾ ಟೈಮಿನ್ಯಾಗ ಡಿಸ್ಕ್ ಮ್ಯಾನೇಜ್‌ಮೆಂಟ್ ತಗದ್ರ ಇನಿಶಿಯಲೈಸ್ (ಹೊಸಾ ಡಿಸ್ಕಿನ ಹಂಗ ತಯಾರು) ಮಾಡ್ಲ್ಯಾ ಅಂತ ಭಾಳ ಪ್ರೀತಿಲೆ ಕೇಳ್ತೈತಿ, ಕ್ಯಾನ್ಸಲ್ ಹೊಡೀಬೇಕು.

ಟೆಸ್ಟ್‌ಡಿಸ್ಕ್ ಹಾಕಿದೆ, ಅಳಿಸಿದ ಪಾರ್ಟಿಷನ್ ಹುಡುಕಿ ಕೊಡೋ ಸಾಫ್ಟ್‌ವೇರ್, ಪುಕ್ಕಟ ಸಿಗ್ತೈತಿ, ಕರೇ ಪರದೆ ಮ್ಯಾಲ ಬಿಳೇ ಅಕ್ಷರ. ಅನಲೈಸ್, ಕ್ವಿಕ್ ಸರ್ಚ್. 60800 ಸಿಲಿಂಡರ್ (ಡಿಸ್ಕಿನ ಭಾಗ) ಎಣಸ್ಕೊಂತ ಹೊಂಟಿತು, 02 ಪರ್ಸೆಂಟ್, 03 ಪರ್ಸೆಂಟ್. ನಡುವ ಲೈಟ್ ಹೋತು, ಲ್ಯಾಪ್‌ಟಾಪ್ ಬ್ಯಾಟರಿ ಮ್ಯಾಲ ಉಳೀತು, ಆ ಡಿಸ್ಕಿನ ಅಡಾಪ್ಟರ್ ಯುಪಿಎಸ್ಸಿಗೆ ಹಚ್ಚಿದ್ದೆ, ಯಾವ ಪುಣ್ಯಾನೋ. ಮ್ಯಾನೇಜರ್ ಫೋನ್ ಬಂತು, ಎತ್ಲಿಲ್ಲ. ಕಡೀಕ ನಾಕು ಸಾಲು ಹಸಿರು ಬಣ್ಣದಾಗ ಬಂದ್ವು. ಡಿ ಅನಸಿದ ಸಾಲಿನ ಮ್ಯಾಲ ಪಿ ಒತ್ತಿದೆ, ಒಳಗಿನ ಫೈಲ್ ಕಂಡ್ವು. ಟ್ಯಾಲಿ ಫೋಲ್ಡರ್, ಅದರಾಗ ಡೇಟಾ, ಅದರಾಗ ಒಂದೊಂದು ಕಂಪನಿ ಲೆಕ್ಕದ ಫೋಲ್ಡರ್, 10000, 10001, 10002. ಇಷ್ಟು ಚಂದ ನಂಬರ್ ನಾ ಜೀವನದಾಗ ನೋಡಿಲ್ಲ. ಸಿಕ್ಕ ಪಾರ್ಟಿಷನ್ ಟೇಬಲ್ ಡಿಸ್ಕಿಗೆ ರೈಟ್ ಮಾಡೂಕಿಂತ ಮೊದ್ಲ ಆ ಫೋಲ್ಡರ್ ಲ್ಯಾಪ್‌ಟಾಪಿಗೆ ಕಾಪಿ ಮಾಡ್ಕೊಂಡೆ, ಆಮ್ಯಾಲೆ ರೈಟ್ ಕೊಟ್ಟೆ. ಎಲ್ಲಾ ವಾಪಸ್ ಬಂತು. ಎಸ್‌ಎಸ್‌ಡಿ ಒಂದನ್ನ ಇಟ್ಕೊಂಡು ವಿಂಡೋಸ್ ಹಾಕಿ, ಪೂರಾ ಮುಗದ ಮ್ಯಾಲ ಹಳೇದನ್ನ ಹಚ್ಚಿದೆ. ಈಗ ಎಲ್ಲಿ ಹೋದ್ರೂ ಇದ ರೂಢಿ, ಬ್ಯಾರೆ ಡಿಸ್ಕ್ ಇದ್ರ ಮೊದ್ಲ ಅದರ ಕೇಬಲ್ ಕೀಳೋದು. ಇಲ್ಲಂದ್ರ ಇನ್ನೊಂದು ತ್ರಾಸ ಐತಿ, ವಿಂಡೋಸ್ ಒಂದರಾಗ ಹಾಕಿದ್ರೂ ಬೂಟ್ ಫೈಲ್ ಇನ್ನೊಂದ್ರಾಗ ಹೋಗಿ ಕುಂದರ್ತಾವ, ಮುಂದ ಆ ಡಿಸ್ಕ್ ತಗದ ದಿನ ಮಷಿನ್ ಚಾಲೂನ ಆಗಂಗಿಲ್ಲ.

ನಮ್ಮ ಕಾಲ್ ಶೀಟಿನ್ಯಾಗ ಮಷಿನ್ ಫೋಟೋಕ್ಕ ಜಾಗಾ ಐತಿ, ಸೀರಿಯಲ್ ನಂಬರಿಗೆ ಐತಿ, ಕಸ್ಟಮರ್ ಎಷ್ಟು ಸ್ಟಾರ್ ಕೊಟ್ರು ಅನ್ನಾಕ ಐತಿ. ಬ್ಯಾಕಪ್ ನೋಡಿದ್ಯೇನು ಅನ್ನೋ ಒಂದು ಸಾಲಿಲ್ಲ. ಮೀಟಿಂಗಿನ್ಯಾಗ ಹೇಳಿದೆ, ನೋಟ್ ಮಾಡ್ಕೊಂಡಾರ.

ಹೊಂಡೂ ಮುಂದ ಗುಮಾಸ್ತರು ಸಹಿ ಹಾಕ್ಕೊಂತ ಮೆತ್ತಗ ಅಂದ್ರು, "ಡಿಸ್ಕ್ ಬಿಚ್ಚಿ ಲ್ಯಾಪ್‌ಟಾಪಿಗೆ ಹಚ್ಚಿ ಮಾಡೋ ಅಪ್‌ಡೇಟ್ ನಾ ಇದ ಮೊದಲ ನೋಡಿದ್ದು ಬಿಡೋ ತಮ್ಮಾ." ಸಾಹುಕಾರ್ರಿಗೆ ಹೇಳ್ಲಿಲ್ಲ ಪುಣ್ಯಾತ್ಮ. ಒಂದು ಪೆನ್‌ಡ್ರೈವ್ ಕೊಟ್ಟು, ಇನ್ನ ಮ್ಯಾಲ ಬ್ಯಾಕಪ್ ಇದರಾಗ ಹೊಡೀರಿ, ಸಂಜಿಕ ಮನಿಗೆ ಒಯ್ಯಿರಿ ಅಂದೆ.

ಆಫೀಸಿಗೆ ಬಂದ್ರ ಮ್ಯಾನೇಜರ್, "ಒಂದು ಇನ್‌ಸ್ಟಾಲ್‌ಗೆ ಐದ್ ತಾಸು? ಕಣ್ಣ್ಯಾಕ ಹಂಗ ಕೆಂಪಾಗ್ಯಾವ?" ಅಂದ. ಬ್ಯಾಡಗಿ ಘಾಟ್ರೀ ಸರ್ ಅಂದೆ.