ಪೆಟ್ ಸ್ಕ್ಯಾನ್‌ನ ಫ್ಲೋರಿನ್, ನೋವಾದಲ್ಲೂ

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಪೆಟ್ ಸ್ಕ್ಯಾನ್ ಟೆಕ್ನೀಷಿಯನ್. ನಮ್ಮ ದಿನವೆಲ್ಲ ನಡೆಯುವುದು 110 ನಿಮಿಷದ ಲೆಕ್ಕದಲ್ಲಿ. ಬೆಳಿಗ್ಗೆ ಸೀಸದ ಡಬ್ಬಿಯಲ್ಲಿ ಬರುವ ವಿಕಿರಣಶೀಲ ಫ್ಲೋರಿನ್-18 ಅಷ್ಟು ಹೊತ್ತಿಗೆ ಅರ್ಧಕ್ಕಿಳಿದಿರುತ್ತದೆ. ವ್ಯಾನ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿತೋ, ಕೊನೆಯ ಪೇಷೆಂಟ್‌ಗೆ ಡೋಸ್ ಸಾಲುವುದಿಲ್ಲ.

ಇದೇ ಫ್ಲೋರಿನ್ ನೋವಾಗಳಲ್ಲೂ, ಅಂದರೆ ನಕ್ಷತ್ರದ ಮೈಮೇಲಿನ ಸ್ಫೋಟಗಳಲ್ಲೂ, ಹುಟ್ಟುತ್ತದೆ ಅಂತ ಗೊತ್ತಾದ ಮೇಲೆ ಸುಮ್ನೆ ಇರಲಾಗಲಿಲ್ಲ, ಸಿಕ್ಕಿದ್ದನ್ನೆಲ್ಲ ಓದಿದೆ.

ಶ್ವೇತ ಕುಬ್ಜ, ಅಂದರೆ ಉರಿದು ಮುಗಿದು ಕುಗ್ಗಿದ ನಕ್ಷತ್ರವೊಂದು, ಪಕ್ಕದ ನಕ್ಷತ್ರದಿಂದ ಹೈಡ್ರೋಜನ್ ಎಳೆದುಕೊಳ್ಳುತ್ತಾ ಹೋಗುತ್ತದೆ. ಆ ಪದರ ಒಂದು ದಿನ ಹೊತ್ತಿಕೊಂಡು ಸಿಡಿಯುತ್ತದೆ. ಬಿಸಿ 20-30 ಕೋಟಿ ಡಿಗ್ರಿ ಮುಟ್ಟುತ್ತದೆ. ಅಲ್ಲಿ ಆಕ್ಸಿಜನ್-17ಕ್ಕೆ ಪ್ರೋಟಾನ್ ಸೇರಿ ಫ್ಲೋರಿನ್-18 ಆಗುತ್ತದೆ. ಅದು ಬಿಡುವ ಪಾಸಿಟ್ರಾನ್ (ಎಲೆಕ್ಟ್ರಾನ್‌ನ ಪ್ರತಿಕಣ) ಎಲೆಕ್ಟ್ರಾನ್ ಜೊತೆ ಸೇರಿ ಅಳಿದಾಗ 511 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹೊರಡುತ್ತವೆ. ನಮ್ಮ ಸ್ಕ್ಯಾನರ್ ಹಿಡಿಯುವುದೂ ಈ ಜೋಡಿಯನ್ನೇ. ನೈಟ್ರೋಜನ್-13 ಕೂಡ ಇದೇ ಕಿರಣ ಕೊಡುತ್ತದೆ. ಆದರೆ ಅದರ ಅರ್ಧಾಯುಷ್ಯ 10 ನಿಮಿಷ. ಸಿಡಿದ ಅನಿಲ ತೆಳುವಾಗಿ ಕಿರಣ ಹೊರಬರುವಷ್ಟರಲ್ಲಿ ಅದು ಬಹುಪಾಲು ಮುಗಿದಿರುತ್ತದೆ. ಫ್ಲೋರಿನ್ ಅಷ್ಟು ಹೊತ್ತು ತಾಳುತ್ತದೆ.

ತಾಳುತ್ತದೆ ಸರಿ, ಎಷ್ಟು ಉಳಿದಿರುತ್ತದೆ? ಅದು ತೂತಿರುವ ಕೊಡದ ಕಥೆ. ಒಂದು ತೂತು ನಮಗೆ ಚೆನ್ನಾಗಿ ಗೊತ್ತು, 110 ನಿಮಿಷದ್ದು. ಇನ್ನೊಂದು ತೂತು ಪ್ರೋಟಾನ್‌ಗಳದ್ದು. ಪ್ರೋಟಾನ್ ಬಂದು ಬಡಿದರೆ ಫ್ಲೋರಿನ್ ಕ್ಷಣಮಾತ್ರ ನಿಯಾನ್-19 ಆಗಿ, ಆಲ್ಫಾ ಕಣ ಉಗುಳಿ, ಆಕ್ಸಿಜನ್-15 ಆಗಿಬಿಡುತ್ತದೆ. ಇದು ಎಷ್ಟು ಬೇಗ ನಡೆಯುತ್ತದೆ ಎನ್ನುವುದೇ ಕಗ್ಗಂಟು.

ಆಸ್ಪತ್ರೆಗಳಿಗೆ ಫ್ಲೋರಿನ್ ಮಾಡುವ ಸೈಕ್ಲೊಟ್ರಾನ್‌ನಲ್ಲಿ ಪ್ರೋಟಾನ್‌ಗೆ 1 ಕೋಟಿ ಎಲೆಕ್ಟ್ರಾನ್ ವೋಲ್ಟ್‌ಗಿಂತ ಜಾಸ್ತಿ ಶಕ್ತಿ ಕೊಡುತ್ತಾರೆ. ನೋವಾದಲ್ಲಿ ಪ್ರೋಟಾನ್ ಫ್ಲೋರಿನ್‌ಗೆ ಬಡಿಯುವುದು ಸುಮಾರು 2 ಲಕ್ಷದ ಆಸುಪಾಸಿನಲ್ಲಿ. ಪ್ರೋಟಾನ್, ಫ್ಲೋರಿನ್‌ನ ನ್ಯೂಕ್ಲಿಯಸ್ ಎರಡೂ ಧನ ವಿದ್ಯುತ್ತಿನವು, ಒಂದನ್ನೊಂದು ದೂಡುತ್ತವೆ. ಅಷ್ಟು ಕಡಿಮೆ ಶಕ್ತಿಯಲ್ಲಿ ಕೂಡಿಕೊಳ್ಳುವುದು ತೀರಾ ಅಪರೂಪ. ಅಳೆಯಲು ಫ್ಲೋರಿನ್-18ರದ್ದೇ ಕಿರಣಪುಂಜ ಬೇಕು, ಅದೂ ಕರಗುತ್ತಿರುವ ಸರಕು! ಬೆಲ್ಜಿಯಂನ ಲುವೇನ್-ಲಾ-ನೂವ್, ಅಮೆರಿಕದ ಓಕ್ ರಿಡ್ಜ್, ಕೆನಡಾದ ಟ್ರಯಂಫ್ ಪ್ರಯೋಗಾಲಯಗಳಲ್ಲಿ ಇದನ್ನು ಮಾಡಿದ್ದಾರೆ. ನಮ್ಮ ಗಡಿಬಿಡಿ ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

ಅಳೆಯಲಾಗದ ಕಡೆ ನಿಯಾನ್-19ರ ಶಕ್ತಿಮಟ್ಟಗಳನ್ನು ನೋಡಿ ಲೆಕ್ಕ ಹಾಕುತ್ತಾರೆ. ಅಲ್ಲೂ ತಕರಾರು. ಒಂದೇ ಬಗೆಯ ಎರಡು ಮಟ್ಟಗಳ ಪರಿಣಾಮ ಕೂಡಿಕೊಳ್ಳುತ್ತದೋ, ಒಂದನ್ನೊಂದು ಕಳೆಯುತ್ತದೋ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಎಷ್ಟು ದೂರದ ನೋವಾದ ಗಾಮಾ ಕಿರಣ ನಮಗೆ ಕಾಣಬಹುದು ಎನ್ನುವುದೂ ಇದರ ಮೇಲೇ ನಿಂತಿದೆ. ದೂರದರ್ಶಕ ದೊಡ್ಡದಾದರೆ ಸಾಕು ಅನ್ನುವವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ.

ನೋವಾದಿಂದ ಆ 511ರ ಕಿರಣ ಇನ್ನೂ ಯಾರಿಗೂ ಸಿಕ್ಕಿಲ್ಲ. 2002ರಲ್ಲಿ ಹಾರಿದ, ಗಾಮಾ ಕಿರಣ ನೋಡುವ ಇಂಟೆಗ್ರಲ್ ಉಪಗ್ರಹ 2025ರಲ್ಲಿ ವೀಕ್ಷಣೆ ನಿಲ್ಲಿಸಿತು, ಅದಕ್ಕೂ ಸಿಗಲಿಲ್ಲ. ನೋವಾ ಕಣ್ಣಿಗೆ ಪೂರ್ತಿ ಬೆಳಗುವ ಮೊದಲೇ ಈ ಕಿರಣ ಬಂದು ಹೋಗಿರುತ್ತದೆ. ಸುದ್ದಿ ತಿಳಿದು ಉಪಕರಣ ತಿರುಗಿಸುವಷ್ಟರಲ್ಲಿ ತಡ. ಹಾಗಾಗಿ ದಿನವೂ ಇಡೀ ಆಕಾಶ ಗುಡಿಸುವಂಥದ್ದೇ ಬೇಕು. ನಾಸಾದ ಕೋಸಿ (COSI) ಎಂಬ ಗಾಮಾ ಕಿರಣ ದೂರದರ್ಶಕ ಅಂಥದ್ದು, 2027ಕ್ಕೆ ಹಾರಿಸುವ ಯೋಜನೆ ಇದೆ.